ಹತ್ತೊಂಬತ್ತರ ರಾತ್ರಿಯೋ ಇಪ್ಪತ್ತರ ಬೆಳಗಿನ ಜಾವವೋ: ಮಡಿಕೇರಿಯಿಂದ ವಿಮಾನ ನಿಲ್ದಾಣಕ್ಕೆ ಕಾರು ಗೊತ್ತು ಮಾಡಿದ ಒಂದು ಪ್ರಕರಣ

ಜುಲೈ 17ರ ಸಂಜೆ ಮಡಿಕೇರಿ ಪೇಟೆಯ ಟ್ಯಾಕ್ಸಿ ನಿಲ್ದಾಣದಲ್ಲಿ, ಕೊಡೆ ಹಿಡಿದುಕೊಂಡೇ, ಪರಿಚಯದ ಚಾಲಕರೊಬ್ಬರನ್ನು ಒಂದು ಮಾತು ಕೇಳಿದೆ. ಅಣ್ಣ ಅತ್ತಿಗೆ ಬೆಂಗಳೂರಿನಿಂದ ವಿಮಾನ ಹತ್ತಬೇಕು, ಈ ಮಳೆಯಲ್ಲಿ ಮಧ್ಯಾಹ್ನ ಮೂರಕ್ಕೆ ಮನೆ ಬಿಟ್ಟರೆ ಸಾಕಾದೀತೇ ಎಂದು. ಅವರ ಕಾರನ್ನು ಕರೆಯುವ ಯೋಚನೆ ನನಗಿರಲಿಲ್ಲ. ಬೇರೆ ಕಾರು ಆಗಲೇ ಗೊತ್ತಾಗಿತ್ತು, ಮುಂಗಡವೂ ಹೋಗಿತ್ತು.

“ವಿಮಾನ ಎಂದು, ಸಾರ್?”

“ಇಪ್ಪತ್ತಕ್ಕೆ. ಬೆಳಗಿನ ಜಾವ 3.25.”

“ಕಾರು?”

“ಇಪ್ಪತ್ತಕ್ಕೆ, ಮಧ್ಯಾಹ್ನ ಮೂರಕ್ಕೆ.”

ಅವರು ಒಂದು ಕ್ಷಣ ಸುಮ್ಮನಿದ್ದರು. “ಆ ಹೊತ್ತಿಗೆ ಆ ವಿಮಾನ ಜರ್ಮನಿಯಲ್ಲಿ ಇಳಿದೇ ಬಿಟ್ಟಿರುತ್ತದಲ್ಲ, ಸಾರ್” ಎಂದರು.

ನನಗೆ ಮೈಯೆಲ್ಲ ತಣ್ಣಗಾಯಿತು. ಟಿಕೆಟ್ಟನ್ನು ನಾನು ಮೂರು ಸಲ ಓದಿದ್ದೆ. ಕಾರಿನ ಖಚಿತ ಸಂದೇಶವನ್ನೂ ಓದಿದ್ದೆ. ಎರಡರಲ್ಲೂ ಇಪ್ಪತ್ತು ಎಂದೇ ಇತ್ತು, ಆದ್ದರಿಂದ ತಾಳೆಯಾಯಿತು ಎಂದುಕೊಂಡಿದ್ದೆ. ಎರಡು ದಿನಾಂಕಗಳು ಒಂದೇ ಇರುವುದೇ ತಪ್ಪು ಎಂಬುದು ನಮ್ಮ ಮನೆಯ ನಾಲ್ವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇದು ಹೇಗಾಯಿತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದರಲ್ಲಿ ಯಾರೂ ಅಜಾಗರೂಕರಾಗಿರಲಿಲ್ಲ. ಅಣ್ಣನಿಗೆ 71, ಅತ್ತಿಗೆಗೆ 66. ಮಗಳ ಬಾಣಂತನಕ್ಕೆಂದು ಫ್ರಾಂಕ್‌ಫರ್ಟ್‌ಗೆ ಹೊರಟವರು. ಟಿಕೆಟ್ ತೆಗೆದವಳು ಮಗಳು, ಕಾರನ್ನು ಅಂತರ್ಜಾಲದಲ್ಲಿ ಕಾದಿರಿಸಿದವಳೂ ಅವಳೇ. ಅವಳು ಫೋನಿನಲ್ಲಿ “ಎಷ್ಟು ಹೊತ್ತಿಗೆ ಹೊರಡುತ್ತೀರಿ, ಅಪ್ಪ?” ಎಂದು ಕೇಳಿದಳು. “ಮಧ್ಯಾಹ್ನ ಮೂರಕ್ಕೆ” ಎಂದ ಅಣ್ಣ. ಅವನ ಮನಸ್ಸಿನಲ್ಲಿದ್ದುದು ಹತ್ತೊಂಬತ್ತು. ಪಂಚಾಂಗ ನೋಡಿ ಬೆಳೆದವರಿಗೆ ದಿನ ಹುಟ್ಟುವುದು ಸೂರ್ಯೋದಯಕ್ಕೆ. ಬೆಳಗಿನ ಜಾವ 3.25 ಎಂದರೆ ಅವನ ಲೆಕ್ಕದಲ್ಲಿ ಇನ್ನೂ ಹತ್ತೊಂಬತ್ತರ ರಾತ್ರಿ ಮುಗಿದಿಲ್ಲ. ಮಗಳಿಗೆ ಕಣ್ಣೆದುರಿಗೆ ಇದ್ದುದು ಟಿಕೆಟ್ಟಿನ ಮೇಲಿನ ಜುಲೈ 20. ಅಪ್ಪ ಹೇಳಿದ ಗಂಟೆಯನ್ನು ಟಿಕೆಟ್ ಹೇಳಿದ ದಿನಾಂಕಕ್ಕೆ ಜೋಡಿಸಿದಳು. ಎರಡು ಸರಿಗಳು ಕೂಡಿ ಒಂದು ತಪ್ಪಾಯಿತು. ಕಾರಿನ ಸಂಸ್ಥೆಯ ಅರ್ಜಿಯಲ್ಲಿ ಎಲ್ಲಿಂದ, ಎಲ್ಲಿಗೆ, ಯಾವ ದಿನ, ಯಾವ ಹೊತ್ತು, ಯಾವ ಬಗೆಯ ಕಾರು ಎಂದಷ್ಟೇ ಇತ್ತು. ನಿಮ್ಮ ವಿಮಾನ ಹೊರಡುವುದು ಯಾವಾಗ ಎಂಬ ಒಂದೇ ಒಂದು ಕೋಣೆ ಅಲ್ಲಿದ್ದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಕೊಡಗಿನಲ್ಲಿ ಇಂಥ ತಪ್ಪು ತುಂಬಾ ದುಬಾರಿ. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಮಡಿಕೇರಿಗೆ ಹತ್ತಿರದ ನಿಲ್ದಾಣ ಎಂದರೆ ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣ. ಅದು 2018ರ ಡಿಸೆಂಬರ್ 9ರಂದು ಆರಂಭವಾಯಿತು. ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ ಘಾಟಿ, ಇರಿಟ್ಟಿ ದಾಟಿದರೆ ಸುಮಾರು 90 ಕಿಲೋಮೀಟರ್. ಕೊಲ್ಲಿ ದೇಶಗಳಿಗೆ ಹೋಗುವ ನಮ್ಮವರು ಬಹಳಷ್ಟು ಮಂದಿ ಈಗ ಅಲ್ಲಿಂದಲೇ ಹೊರಡುತ್ತಾರೆ. ಮಂಗಳೂರಿನ ಬಜ್ಪೆ ಸಂಪಾಜೆ, ಸುಳ್ಯ, ಪುತ್ತೂರಿನ ಮೇಲೆ ಸುಮಾರು 140. ಮೈಸೂರಿನ ಮಂಡಕಳ್ಳಿ 120ರ ಆಸುಪಾಸು, ಆದರೆ ಅಲ್ಲಿ ಇಳಿಯುವುದು ಬೆರಳೆಣಿಕೆಯ ವಿಮಾನಗಳು. ಯುರೋಪಿಗೆ ನೇರವಾಗಿ ಹೋಗಬೇಕಾದರೆ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೇ ಹೋಗಬೇಕು, ಅದು ಹತ್ತಿರ ಹತ್ತಿರ 300 ಕಿಲೋಮೀಟರ್. ಅಲ್ಲಿಂದ ಹೊರಡುವ ಯುರೋಪಿನ ವಿಮಾನಗಳಲ್ಲಿ ಹಲವು ನಡುರಾತ್ರಿ ದಾಟಿದ ಮೇಲಿನವು. ನಮ್ಮ ಮನೆಯಂಥ ಗೊಂದಲ ಕೊಡಗಿನ ಎಷ್ಟೋ ಮನೆಗಳ ಬಾಗಿಲಲ್ಲಿ ಕಾದು ನಿಂತಿದೆ ಎಂದು ನಾನು ಹೇಳುವುದು ಇದಕ್ಕೇ.

ಆ ರಾತ್ರಿಯೇ ಸಂಸ್ಥೆಗೆ ಕರೆ ಮಾಡಿದೆ. ದಿನಾಂಕವನ್ನು ಹತ್ತೊಂಬತ್ತಕ್ಕೆ ಬದಲಿಸಿ ಎಂದಾಗ, ಆ ದಿನ ಮಡಿಕೇರಿಗೆ ಕಾರು ಸಿಗುವುದು ಖಚಿತವಿಲ್ಲ ಎಂದರು. ಚಾಲಕರ ಹೆಸರು, ಕಾರಿನ ಸಂಖ್ಯೆ ಯಾವಾಗ ತಿಳಿಯುತ್ತದೆ? ಹೊರಡುವ ಎರಡು ಗಂಟೆ ಮೊದಲು. ಕಾರು ಎಲ್ಲಿಂದ ಬರುತ್ತದೆ? ಮೈಸೂರಿನಿಂದ. ಅಂದರೆ ಮಳೆಗಾಲದ ನಡುವಿನಲ್ಲಿ ಯಾರೋ ಒಬ್ಬರು 120 ಕಿಲೋಮೀಟರ್ ಖಾಲಿ ಕಾರು ಹೊಡೆದುಕೊಂಡು ಬೆಟ್ಟ ಹತ್ತಬೇಕು, ಪೇಟೆಯಿಂದ ಆರು ಕಿಲೋಮೀಟರ್ ದೂರದ ನಮ್ಮ ತೋಟದ ಒಳರಸ್ತೆಯನ್ನು ಹುಡುಕಬೇಕು, ಮೊಬೈಲ್ ಸಂಕೇತ ಸಿಗದ ತಿರುವಿನಲ್ಲಿ ನಿಂತು ದಾರಿ ಕೇಳಬೇಕು. ಅಷ್ಟು ಕಷ್ಟಕ್ಕೆ ಅವರು ಬರುವುದಿಲ್ಲ ಎಂದು ಕಡೆಯ ಗಳಿಗೆಯಲ್ಲಿ ತೀರ್ಮಾನಿಸಿದರೆ ಅವರನ್ನು ನಾನು ದೂರಲಾರೆ. ಆದರೆ ಎರಡು ಗಂಟೆ ಮೊದಲು ಹಾಗಾದರೆ ನಮ್ಮ ಗತಿ ಏನು? ಕಾದಿರಿಸಿದ್ದನ್ನು ರದ್ದು ಮಾಡಿದೆವು. ಇಪ್ಪತ್ನಾಲ್ಕು ಗಂಟೆಗೂ ಮೊದಲೇ ಮಾಡಿದ್ದರಿಂದ ಮುಂಗಡ ಪೂರ್ತಿ ಮರಳಿತು. ಆ ಒಂದು ಷರತ್ತನ್ನು ಮಗಳು ಓದಿಟ್ಟುಕೊಂಡಿದ್ದಳು, ಅದು ಒಳ್ಳೆಯದಾಯಿತು.

ಊರಿನ ಹುಡುಗನೊಬ್ಬ ತನ್ನ ಕಾರಿನಲ್ಲಿ ಕಡಿಮೆಗೆ ಬಿಟ್ಟುಬರುತ್ತೇನೆ ಎಂದ. ಒಳ್ಳೆಯ ಹುಡುಗ, ಚೆನ್ನಾಗಿ ಓಡಿಸುತ್ತಾನೆ. ಆದರೆ ಅದು ಬಿಳಿ ಬೋರ್ಡಿನ ಕಾರು. ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸಲು ಪರ್ಮಿಟ್ ಇರುವುದಿಲ್ಲ. ದಾರಿಯಲ್ಲಿ ಅಪಘಾತವಾದರೆ ವಿಮಾ ಸಂಸ್ಥೆ ಕೇಳುವ ಮೊದಲ ಪ್ರಶ್ನೆಯೇ ಹಣ ಪಡೆದು ಕರೆದೊಯ್ದಿರಾ ಎಂಬುದು. ಖಾಸಗಿ ಕಾರಿನ ಪಾಲಿಸಿ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ. ಅವನಿಗೆ ಇದನ್ನು ನೋಯದಂತೆ ಹೇಳಿದೆ. ಕೊಡಗಿನಲ್ಲಿ ಪರಿಚಯದ ಮೇಲೆ ನಡೆಯುವ ಇಂಥ ಸವಾರಿಗಳು ಎಷ್ಟೋ ಇವೆ. ನೂರು ಸಲ ಏನೂ ಆಗುವುದಿಲ್ಲ ಎಂಬುದು ನನಗೂ ಗೊತ್ತು. ವಯಸ್ಸಾದ ಇಬ್ಬರನ್ನು ಕೂರಿಸಿಕೊಂಡು, ಮಳೆಯಲ್ಲಿ, ರಾತ್ರಿ 300 ಕಿಲೋಮೀಟರ್ ಹೋಗುವಾಗ ನೂರಾ ಒಂದನೆಯದನ್ನು ಯೋಚಿಸಲೇಬೇಕು.

ಮರುದಿನ ಬೆಳಗ್ಗೆ ಮತ್ತೆ ಅದೇ ಟ್ಯಾಕ್ಸಿ ನಿಲ್ದಾಣಕ್ಕೆ ಹೋದೆ. ಹಿಂದಿನ ಸಂಜೆ ನಮ್ಮನ್ನು ಉಳಿಸಿದ ಆ ಚಾಲಕರು ದರ ಹೇಳುವ ಮೊದಲು ಪ್ರಶ್ನೆ ಕೇಳಲು ತೊಡಗಿದರು. ಪೆಟ್ಟಿಗೆ ಎಷ್ಟು? ದೊಡ್ಡವು ನಾಲ್ಕು, ಕೈಚೀಲ ಎರಡು. ಹಾಗಾದರೆ ಸಣ್ಣ ಕಾರು ಬೇಡ ಎಂದರು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಸೆಡಾನ್ ಬಂದರೆ ಎರಡು ಪೆಟ್ಟಿಗೆಗೂ ಜಾಗವಿರುವುದಿಲ್ಲ, ಉಳಿದದ್ದನ್ನು ಮೇಲಿನ ಕ್ಯಾರಿಯರ್‌ಗೆ ಕಟ್ಟಿದರೆ ಈ ಮಳೆಗೆ ಟಾರ್ಪಾಲು ಹೊದಿಸಿದರೂ ನೀರು ಇಳಿಯುತ್ತದೆ. (ಮಗಳು ಮೊದಲು ಕಾದಿರಿಸಿದ್ದು ಸೆಡಾನ್ ಅನ್ನೇ.) ಗೇಟಿನಿಂದ ಮನೆಯವರೆಗಿನ ರಸ್ತೆಗೆ ಜಲ್ಲಿ ಹಾಕಿದೆಯೇ, ಬರಿಯ ಕೆಂಪು ಮಣ್ಣೇ? ಬರೆ (ರಸ್ತೆ ಬದಿಯ ಮಣ್ಣಿನ ದಿಬ್ಬ) ಜರಿದ ಜಾಗ ಇದೆಯೇ? ಅಮ್ಮನಿಗೆ ತಿರುವಿನಲ್ಲಿ ವಾಂತಿಯಾಗುತ್ತದೆಯೇ? ಸಕ್ಕರೆ ಕಾಯಿಲೆ ಇದೆಯೇ, ಎಷ್ಟು ಹೊತ್ತಿಗೊಮ್ಮೆ ನಿಲ್ಲಿಸಬೇಕು? ವಾಪಸ್ ಯಾರಾದರೂ ಬರುತ್ತೀರಾ, ಖಾಲಿಯೇ?

ಮೂವತ್ತು ವರ್ಷ ಈ ರಸ್ತೆಯಲ್ಲಿ ಓಡಿಸಿದ ಮನುಷ್ಯನ ತಲೆಯಲ್ಲಿ ಇಂಥ ಅರ್ಜಿಯೊಂದು ಸಿದ್ಧವಾಗಿಯೇ ಇರುತ್ತದೆ. ಅದರ ಒಂದೊಂದು ಕೋಣೆಯೂ ಹಿಂದೆ ಎಂದೋ ಯಾರೋ ಪಟ್ಟ ಪಾಡಿನಿಂದ ಬಂದದ್ದು.

ಆಮೇಲೆ ಹೊತ್ತಿನ ಲೆಕ್ಕ. ಅದನ್ನು ನಾವಿಬ್ಬರೂ ಕೊನೆಯಿಂದ ಮೊದಲಿಗೆ ಹಾಕಿದೆವು. ವಿಮಾನ 3.25ಕ್ಕೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತದೆ, ಅಂದರೆ 2.25. ಮೂರು ಗಂಟೆ ಮೊದಲು ಬನ್ನಿ ಎನ್ನುತ್ತಾರೆ, ಅಂದರೆ 12.25. ಅತ್ತಿಗೆಗೆ ಮಂಡಿನೋವು, ಗಾಲಿಕುರ್ಚಿ ಕೇಳಿದ್ದೆವು. ಅದಕ್ಕೆ ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿರಬೇಕು, ಬಾಗಿಲಲ್ಲಿ ಸಹಾಯಕರು ಬರುವವರೆಗೆ ಕಾಯಬೇಕು. ಹಾಗಾಗಿ ನಡುರಾತ್ರಿ 12ಕ್ಕೆ ಎರಡನೇ ಟರ್ಮಿನಲ್‌ನ ಮುಂದೆ ಇಳಿದಿರಬೇಕು. (2023ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ವಿಮಾನಗಳು ಅಲ್ಲಿಂದಲೇ ಹೊರಡುತ್ತವೆ.) ಓಡಾಟಕ್ಕೆ ಏಳು ಗಂಟೆ, ಊಟ ಮತ್ತು ನಿಲುಗಡೆಗೆ ಒಂದು. ಬೇಸಿಗೆಯಾಗಿದ್ದರೆ ನಾಲ್ಕಕ್ಕೆ ಹೊರಟರೂ ನಡೆಯುತ್ತಿತ್ತು. “ಈಗ ಮರಕ್ಕೆ ಒಂದು ಗಂಟೆ, ಬರೆಗೆ ಒಂದು ಗಂಟೆ ಇಟ್ಟುಕೊಳ್ಳಿ. ಎರಡಕ್ಕೆ ಹೊರಡೋಣ” ಎಂದರು. ಬೀಳುವ ಮರಕ್ಕೂ ಜರಿಯುವ ಬರೆಗೂ ಅವರು ಬೇರೆ ಬೇರೆ ಗಂಟೆ ತೆಗೆದಿಟ್ಟದ್ದು ನನಗೆ ಇಂದಿಗೂ ನೆನಪಿದೆ.

ಅದು ಅತಿಯಾದ ಎಚ್ಚರವಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿಯ ಕಡೆ ಬೆಟ್ಟವೇ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2024ರ ಜುಲೈನಲ್ಲಿ ಕರ್ತೋಜಿ ಬಳಿ ಅದೇ ರಸ್ತೆಯಲ್ಲಿ ಕೆಲವು ದಿನ ರಾತ್ರಿ ಸಂಚಾರವನ್ನು ಜಿಲ್ಲಾಡಳಿತ ನಿಲ್ಲಿಸಿತ್ತು. ಮಂಗಳೂರಿನಿಂದ ರಾತ್ರಿ ವಿಮಾನ ಹಿಡಿಯುವವರು ಇಂಥ ಆದೇಶವನ್ನು ಹೊರಡುವ ದಿನದ ಬೆಳಗ್ಗೆ ತಪ್ಪದೆ ವಿಚಾರಿಸಬೇಕು.

ದಾರಿಯ ವಿಷಯದಲ್ಲಿ ನನಗೊಂದು ಯೋಚನೆಯಿತ್ತು. ಕುಶಾಲನಗರದಿಂದ ಅರಕಲಗೂಡಿನ ಕಡೆ ತಿರುಗಿ, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ, ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರನ್ನು ಹೊಕ್ಕದೆಯೇ ದೇವನಹಳ್ಳಿ ಸೇರಬಹುದು. ಹಗಲಿನ ವಿಮಾನಕ್ಕೆ ಅದೇ ವಾಸಿ ಎಂದು ಚಾಲಕರೂ ಒಪ್ಪಿದರು, ಹೆಬ್ಬಾಳದ ದಟ್ಟಣೆ ತಪ್ಪುತ್ತದೆ. ಆದರೆ ಮಳೆಯ ಸಂಜೆಯಲ್ಲಿ ಆ ಒಳರಸ್ತೆಗೆ ಮರ ಬಿದ್ದರೆ ತೆರವು ಮಾಡುವವರು ಬರುವುದು ತಡ, ಅಮ್ಮನವರಿಗೆ ಶೌಚಾಲಯಕ್ಕೆ ಒಳ್ಳೆಯ ಹೋಟೆಲ್ ಸಿಗುವುದೂ ಕಷ್ಟ. ನಾವು ಬೆಂಗಳೂರು ಮುಟ್ಟುವುದು ಹೇಗೂ ರಾತ್ರಿ ಒಂಬತ್ತೂವರೆಯ ಮೇಲೆ. ಹೀಗಾಗಿ ರಾಷ್ಟ್ರೀಯ ಹೆದ್ದಾರಿ 275ರಲ್ಲೇ ಮೈಸೂರು, ಅಲ್ಲಿಂದ ಎಕ್ಸ್‌ಪ್ರೆಸ್‌ವೇ, ಕೆಂಗೇರಿಯ ಬಳಿ ನೈಸ್ ರಸ್ತೆ ಎಂದು ತೀರ್ಮಾನವಾಯಿತು. ದಕ್ಷಿಣ ಕೊಡಗಿನವರಿಗೆ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಮೊಬೈಲಿನ ನಕ್ಷೆ ಕುಟ್ಟದ ಕಡೆಯಿಂದ ನಾಗರಹೊಳೆ ಕಾಡಿನೊಳಗಿನ ರಸ್ತೆಯನ್ನು ಹತ್ತಿರದ ದಾರಿ ಎಂದು ತೋರಿಸೀತು. ಅದು ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ.

ಬಾಡಿಗೆ. ಏಳು ಸೀಟಿನ ಕಾರಿಗೆ ಕಿಲೋಮೀಟರಿಗೆ 18 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿಲೋಮೀಟರ್, ಚಾಲಕರ ಬಾಟಾ (ಭತ್ಯೆ) ದಿನಕ್ಕೆ 500, ಟೋಲ್ ಮತ್ತು ಪಾರ್ಕಿಂಗ್ ಆದಷ್ಟು. ಇಲ್ಲಿಯೂ ದಿನದ ಲೆಕ್ಕವೇ ಅಡ್ಡ ಬಂತು. ಟ್ಯಾಕ್ಸಿಯವರ ದಿನ ನಡುರಾತ್ರಿಗೆ ಮುಗಿಯುತ್ತದೆ. ಹತ್ತೊಂಬತ್ತರ ಮಧ್ಯಾಹ್ನ ಹೊರಟು ಇಪ್ಪತ್ತರ ಮಧ್ಯಾಹ್ನ ಮರಳಿದರೆ ಇಪ್ಪತ್ನಾಲ್ಕೇ ಗಂಟೆಯಾದರೂ ಅದು ಎರಡು ದಿನ, ಎರಡು ಬಾಟಾ, 600 ಕಿಲೋಮೀಟರ್ ಕನಿಷ್ಠ. ನಮ್ಮ ಸಂದರ್ಭದಲ್ಲಿ ಹೋಗಿ ಬರುವ ದೂರವೇ ಸುಮಾರು 600 ಆದ್ದರಿಂದ ಅದು ಹೊರೆಯಾಗಲಿಲ್ಲ. ಆದರೆ ಕಣ್ಣೂರಿಗೆ ನಡುರಾತ್ರಿ ದಾಟಿಸಿ ಹೋಗಿ ಬರುವವರು ಓಡುವುದು 180 ಕಿಲೋಮೀಟರ್ ಮಾತ್ರ. ಅವರು ಇದನ್ನು ಮೊದಲೇ ಬಾಯಿಬಿಟ್ಟು ಕೇಳಿ, ಇಡಿಯಾಗಿ ಒಂದು ಮೊತ್ತಕ್ಕೆ ಮಾತಾಡಿಕೊಳ್ಳಬೇಕು. ಕೇರಳಕ್ಕೆ ಹೋಗಲು ಆ ಕಾರಿಗೆ ಪರ್ಮಿಟ್ ಇದೆಯೇ ಎಂಬುದನ್ನೂ ಕೇಳಬೇಕು.

ಸಂಸ್ಥೆ ಹೇಳಿದ್ದು ಒಂದು ಕಡೆಯ ಡ್ರಾಪ್‌ಗೆ 8,900 ರೂಪಾಯಿ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಟೋಲ್, ಪಾರ್ಕಿಂಗ್, ರಾತ್ರಿ ಶುಲ್ಕ ಪ್ರತ್ಯೇಕ ಎಂದಿತ್ತು. ಅದೆಲ್ಲ ಸೇರಿದರೂ ನಮ್ಮದಕ್ಕಿಂತ ಕಡಿಮೆಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದು ಕಡೆಯ ಡ್ರಾಪ್ ಎನ್ನುವುದು ಪ್ರಯಾಣಿಕರಿಗೆ ಮಾತ್ರ. ಕಾರು ಮರಳಲೇಬೇಕು, ಅದನ್ನು ಓಡಿಸುವವರೂ ಮರಳಲೇಬೇಕು. ಕಡಿಮೆ ದರಕ್ಕೆ ಒಪ್ಪಿ ಬಂದವರು ಆ ಕೊರತೆಯನ್ನು ನಿದ್ದೆಯಿಂದ ತುಂಬಿಸುತ್ತಾರೆ. ನಡುರಾತ್ರಿ ಇಳಿಸಿ ಹಾಗೆಯೇ ತಿರುಗಿ ಬೆಳಗ್ಗೆ ಇನ್ನೊಂದು ಬಾಡಿಗೆ ಹಿಡಿಯುತ್ತಾರೆ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಯ ಮಿತಿ ಹಾಕಿತ್ತು, ಆದರೆ ಅದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ. ಒಂದೇ ಕಾರಿನ ಮಾಲೀಕ–ಚಾಲಕನಿಗೆ ಹೊತ್ತು ಕಾಯುವವರು ಯಾರೂ ಇಲ್ಲ. ಮಡಿಕೇರಿಯಿಂದ ದೇವನಹಳ್ಳಿಗೆ ಹೋಗುವಷ್ಟರಲ್ಲೇ ಆ ಎಂಟು ಗಂಟೆ ಮುಗಿದಿರುತ್ತದೆ. ಹಾಗಾಗಿ ನಾನೇ ಒಂದು ಷರತ್ತು ಹಾಕಿದೆ: ಇಳಿಸಿದ ಮೇಲೆ ಬೆಳಗಿನವರೆಗೆ ಮಲಗಿಯೇ ಹೊರಡಬೇಕು, ಕೋಣೆಯ ಖರ್ಚು ನನ್ನದು. ಅವರ ಜೊತೆ ನಾನೂ ಮರಳುವವನಿದ್ದೆ, ಆದರೆ ನಾನಿಲ್ಲದಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಎಲ್ಲವನ್ನೂ ಬಾಯಿಮಾತಿನಲ್ಲಿ ಬಿಡದೆ ಅವರ ಮೊಬೈಲಿಗೆ ಹೀಗೆ ಬರೆದು ಕಳುಹಿಸಿದೆ: “ಜುಲೈ 19, ಶನಿವಾರ, ಮಧ್ಯಾಹ್ನ 2.00ಕ್ಕೆ ಮನೆಯಿಂದ. ವಿಮಾನ 19ರ ರಾತ್ರಿ ಕಳೆದು 20, ಭಾನುವಾರ, ಬೆಳಗಿನ ಜಾವ 3.25ಕ್ಕೆ. ಕೆಂಪೇಗೌಡ ನಿಲ್ದಾಣ, ಟರ್ಮಿನಲ್ 2. ನಾವು ಮೂವರು, ದೊಡ್ಡ ಪೆಟ್ಟಿಗೆ ನಾಲ್ಕು. ಕಿ.ಮೀ.ಗೆ 18, ಬಾಟಾ ಎರಡು, ಟೋಲ್ ರಸೀದಿಯಂತೆ. ಮುಂಗಡ 2,000 ಕೊಟ್ಟಿದೆ.” ದಿನಾಂಕದ ಪಕ್ಕದಲ್ಲಿ ವಾರದ ಹೆಸರನ್ನು ಬರೆಯಿರಿ ಎಂದವರು ಅವರು. ಅಂಕಿ ಮರೆತರೂ ವಾರ ಮರೆಯುವುದಿಲ್ಲ, ಶನಿವಾರ ಎಂದರೆ ಮನೆಯ ಎಲ್ಲರಿಗೂ ಒಂದೇ ಶನಿವಾರ. ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ಕಲಿತ ಅತ್ಯಂತ ಉಪಯುಕ್ತ ಮಾತು ಇದೇ. ಅವರಿಂದ ಕಾರಿನ ಸಂಖ್ಯೆಯೂ, ಅವರಿಗೆ ಏನಾದರೂ ಆದರೆ ಬರುವ ಇನ್ನೊಬ್ಬ ಚಾಲಕರ ದೂರವಾಣಿ ಸಂಖ್ಯೆಯೂ ಬಂತು. ನಮ್ಮ ಮನೆಯ ಸ್ಥಿರ ದೂರವಾಣಿಯ ಸಂಖ್ಯೆಯನ್ನು ಅವರು ಕೇಳಿ ಪಡೆದರು. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಮಲಗಿದಾಗ ಅದೇ ಗತಿ.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2.10ಕ್ಕೆ ಹೊರಟೆವು. ಬೋಯಿಕೇರಿ ದಾಟಿದ ಮೇಲೆ ಸಿಲ್ವರ್ ಓಕ್ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಪಕ್ಕದ ತೋಟದವರು ಗರಗಸ ತಂದು ಕತ್ತರಿಸಿ ಎಳೆದುಹಾಕುವಷ್ಟರಲ್ಲಿ ಐವತ್ತೈದು ನಿಮಿಷ. ಮರಕ್ಕೆಂದು ಇಟ್ಟ ಗಂಟೆ ಅಲ್ಲಿಗೆ ಹೋಯಿತು. ಅಣ್ಣ ಗಡಿಯಾರ ನೋಡುತ್ತಲೇ ಇದ್ದ. ಚಾಲಕರು “ಇದು ನಮ್ಮ ಲೆಕ್ಕದಲ್ಲಿ ಇರುವುದೇ, ಅಣ್ಣ” ಎಂದರು. ಆ ಒಂದು ಮಾತಿಗೆ ಅಣ್ಣನ ಮುಖ ಸಡಿಲವಾಯಿತು. ಆನೆಕಾಡನ್ನು ಬೆಳಕಿರುವಾಗಲೇ ದಾಟಿದೆವು, ಕತ್ತಲಾದರೆ ಅಲ್ಲಿ ಆನೆಗಳು ರಸ್ತೆಗೆ ಬರುತ್ತವೆ. ಕುಶಾಲನಗರದ ಕಾವೇರಿ ಸೇತುವೆ ದಾಟಿ ಕೊಪ್ಪ ಸೇರಿದ ಮೇಲೆ ಮಳೆ ತೆಳುವಾಯಿತು, ಆದರೆ ಹೆದ್ದಾರಿಯನ್ನು ನಾಲ್ಕು ಪಥ ಮಾಡುವ ಕಾಮಗಾರಿಯ ತಿರುವುದಾರಿಗಳು ಮೈಸೂರಿನತ್ತ ಸಾಗುವಾಗ ಹೊತ್ತು ತಿಂದವು. ಮೈಸೂರಿನಲ್ಲಿ ಅತ್ತಿಗೆ ಇನ್ಸುಲಿನ್ ತೆಗೆದುಕೊಂಡು ಊಟ ಮಾಡಿದರು. ಟರ್ಮಿನಲ್‌ನ ಮುಂದೆ ಇಳಿದಾಗ ರಾತ್ರಿ 11.20. ಬರೆಗೆಂದು ಇಟ್ಟಿದ್ದ ಗಂಟೆಯಲ್ಲಿ ನಲವತ್ತು ನಿಮಿಷ ಉಳಿದಿತ್ತು. ಅತ್ತಿಗೆಯ ಗಾಲಿಕುರ್ಚಿ ಬರಲು ಅರ್ಧ ಗಂಟೆ ಹಿಡಿದರೂ ಯಾರೂ ಧಾವಂತ ಪಡಬೇಕಾಗಲಿಲ್ಲ. ಒಳಗೆ ಹೋಗುವ ಮೊದಲು ಅತ್ತಿಗೆ ಚಾಲಕರ ಕೈಗೆ ಮನೆಯಿಂದ ತಂದ ಕಿತ್ತಳೆ ಹಣ್ಣಿನ ಶರಬತ್ತಿನ ಬಾಟಲಿಯನ್ನೇ ಕೊಟ್ಟುಬಿಟ್ಟರು. ಅದು ಮಗಳಿಗೆಂದು ತೆಗೆದಿಟ್ಟದ್ದು.

ಯಲಹಂಕದ ಬಳಿ ಒಂದು ಕೋಣೆ ಹಿಡಿದು ಮಲಗಿದೆವು. ಬೆಳಗ್ಗೆ ಆರಕ್ಕೆ ಎದ್ದು ಹೊರಟು, ಕುಶಾಲನಗರದಲ್ಲಿ ಚಹಾ ಕುಡಿಯುತ್ತ ಲೆಕ್ಕ ಮಾಡಿದೆವು. ಮಡಿಕೇರಿಯವರೆಗೆ 618 ಕಿಲೋಮೀಟರ್ ಆಗುತ್ತದೆ ಎಂದು ಹಿಡಿದು 11,124 ರೂಪಾಯಿ, ಬಾಟಾ 1,000, ಟೋಲ್ ಪಾರ್ಕಿಂಗ್ ಸುಮಾರು 1,200. ಮುಂಗಡ ಕಳೆದು ಉಳಿದದ್ದನ್ನು ಅಲ್ಲಿಯೇ ಕೊಟ್ಟೆ. ಆಗಲೇ ಅವರು ಕೇಳಿದರು, ಅಣ್ಣನವರು ಮರಳುವುದು ಎಂದು?

ವೀಸಾ ತೊಂಬತ್ತು ದಿನದ್ದು, ಅಕ್ಟೋಬರ್ 15ರ ಬೆಳಗಿನ ಜಾವ 1.50ಕ್ಕೆ ಇಳಿಯುತ್ತಾರೆ ಎಂದೆ. ಅವರು ಚಹಾದ ಲೋಟ ಕೆಳಗಿಟ್ಟು ಡೈರಿ ತೆಗೆದರು. ತುಲಾ ಸಂಕ್ರಮಣ ಹದಿನೇಳಕ್ಕೆ, ತಲಕಾವೇರಿಗೆ ಹೋಗುವವರಿಂದ ಆ ವಾರ ಮಡಿಕೇರಿಯಲ್ಲಿ ಒಂದು ಕಾರೂ ಖಾಲಿ ಇರುವುದಿಲ್ಲ, ಈಗಲೇ ಹಿಡಿದಿಡುತ್ತೇನೆ ಎಂದರು. ಅಕ್ಟೋಬರ್ 14ರ ಪುಟ ತೆರೆದು, ‘ಮಂಗಳವಾರ ಮಧ್ಯಾಹ್ನ ಮಡಿಕೇರಿಯಿಂದ ಖಾಲಿ. ರಾತ್ರಿ ಕಳೆದು ಬುಧವಾರ 1.50, ಇಬ್ಬರು, ಗಾಲಿಕುರ್ಚಿ, ಹೊರಬರಲು ಒಂದೂವರೆ ಗಂಟೆ’ ಎಂದು ಬರೆದರು. ಅದನ್ನು ನನಗೆ ಓದಿ ಹೇಳಿದರು. ನಾನು ಟಿಕೆಟ್ ತೆರೆದು ವಾರವನ್ನು ತಾಳೆ ನೋಡಿ ಹೂಂ ಎಂದ ಮೇಲೆಯೇ ಡೈರಿ ಮುಚ್ಚಿದರು.